ಪ್ರಶ್ನೆ ಕೇಳಿದರೆ ಮಾತ್ರ ಸೀಟು

ಜೂನ್ ತಿಂಗಳ ಪ್ರವೇಶ ಸಂದರ್ಶನ ಬಂತೆಂದರೆ ನಮ್ಮ ಕಾಲೇಜಿನಲ್ಲಿ ನಗು ತಡೆದುಕೊಳ್ಳುವುದೇ ಒಂದು ಕೆಲಸ. ಆದರೆ ಅರವತ್ತರ ದಶಕದ ಆ ಒಂದು ಜೂನ್‌ನಲ್ಲಿ ನಾನು ನಕ್ಕಿದ್ದು ಹೇಗೆಂದು ನನಗೇ ಆಶ್ಚರ್ಯ. ಕುಮಟೆಯಲ್ಲಿ ನಾನಾಗ ಹೊಸ ಮೇಷ್ಟ್ರು, ನೌಕರಿ ಕಾಯಂ ಆಗಿರಲಿಲ್ಲ. ಪಿ.ಯು.ಸಿ. ತರಗತಿ ತುಂಬಿದರೆ ಉಳಿ, ಇಲ್ಲವಾದರೆ ಊರಿಗೆ ಹೋಗು ಎಂದು ಆಡಳಿತದವರು ಮುಖಕ್ಕೇ ಹೇಳಿದ್ದರು. ನಮ್ಮ ಪ್ರಿನ್ಸಿಪಾಲರಿಗೋ, ಬೊಂಬಾಯಿಯಲ್ಲಿ ಕಲಿಸಿ ಬಂದವರ ಒಂದು ಹಟ. ಸಂದರ್ಶನದ ಕೊನೆಗೆ ಕನ್ನಡಕ ತೆಗೆದಿಟ್ಟು, "ಈಗ ನೀನು ನಮಗೊಂದು ಪ್ರಶ್ನೆ ಕೇಳು" ಅನ್ನುವರು. ಕೇಳಿದವರಿಗೆ ಮಾತ್ರ ಸೀಟು! ದೊಡ್ಡವರಿಗೆ ಎದುರು ಪ್ರಶ್ನೆ ಹಾಕಿದರೆ ಬೆತ್ತದ ರುಚಿ ನೋಡಿ ಬೆಳೆದ ನಮ್ಮ ಹುಡುಗರಿಗೆ ಇದೆಂಥ ಗ್ರಹಚಾರ. ಪಕ್ಕದಲ್ಲಿ ಕೂತ ನನಗೆ ಅದಕ್ಕಿಂತ ದೊಡ್ಡ ಗ್ರಹಚಾರ.

ಪ್ರಾಮಾಣಿಕ ಪ್ರಶ್ನೆ

ಹೊನ್ನಾವರದ ಹುಡುಗನೊಬ್ಬ ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟ. "ಈಗ ನೀನು ಕೇಳು" ಅಂದೊಡನೆ ಬೆವರು ಒರೆಸಿಕೊಂಡ, ಮೇಲೆ ಮಾಡಿನ ಹಂಚು ನೋಡಿದ, ನನ್ನನ್ನು ನೋಡಿದ.

"ಎಂತದಾದ್ರೂ ಕೇಳೋ ಮಾರಾಯ!" ಅಂದೆ.

"ಸರ್, ನಾ ಇನ್ನು ಮನೆಗೆ ಹೋಗ್ಲಾ?"

ಪ್ರಿನ್ಸಿಪಾಲರು, "ಪ್ರಾಮಾಣಿಕ ಪ್ರಶ್ನೆ. ಸೀಟು ಕೊಡಿ" ಅಂದರು. ಅಷ್ಟರಲ್ಲಿ ಅವ ಪರಾರಿ. ಸೀಟು ಸಿಕ್ಕಿತು ಅಂತ ಹೇಳಲು ಜವಾನ ಬಸ್ ಸ್ಟ್ಯಾಂಡಿನವರೆಗೆ ಓಡಬೇಕಾಯಿತು.

ಅಪ್ಪನ ಸರದಿ

ಗೇರುಸೊಪ್ಪೆ ಬದಿಯ ತೋಟದ ಯಜಮಾನರೊಬ್ಬರು ಮಗನನ್ನು ಕರೆತಂದರು. "ಪ್ರಶ್ನೆ ಕೇಳು" ಅಂದದ್ದೇ ತಡ, ಮಗನನ್ನು ಬದಿಗೆ ಸರಿಸಿ ಅಪ್ಪನೇ ಕುರ್ಚಿಯಲ್ಲಿ ಕೂತರು.

"ನಿಮ್ಮ ಮೂಲ ಯಾವ ಬದಿಗಾತು? ಅಪ್ಪಯ್ಯ ಎಂತ ಮಾಡ್ತಿದ್ರು? ಅಣ್ಣತಮ್ಮಂದಿರು ಎಷ್ಟು ಜನ? ಸಕ್ಕರೆ ಕಾಯಿಲೆ ಎಂತದೂ ಇಲ್ಲೆ ಅಲ್ದಾ?"

ಪ್ರಿನ್ಸಿಪಾಲರು ಪಾಪ, ಒಂದೊಂದಕ್ಕೂ ವಿಧೇಯರಾಗಿ ಉತ್ತರ ಕೊಟ್ಟರು. ಇದು ನಮ್ಮ ಕಡೆ ಗಂಡು ನೋಡುವ ಕ್ರಮ ಅಂತ ಅವರಿಗೇನು ಗೊತ್ತು? ಯಜಮಾನರು ತೃಪ್ತಿಯಿಂದ ಎದ್ದು, "ಆತು, ನಂಗೆ ಒಪ್ಗೆ ಇದ್ದು. ಮನೆಲಿ ಒಂದು ಮಾತು ಕೇಳ್ಕಂಡು ತಿಳಿಸ್ತೆ. ಬತ್ತೆ ಹಂಗಾರೆ" ಎಂದು ಹೊರಟರು.

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ ಆತಂಕದಿಂದ ಕೇಳಿದರು: "ನಾನು ಪಾಸಾದೆನೇನ್ರೀ?"

ಕೆಮ್ಮಿನ ಸಮೇತ

ಸುದ್ದಿ ಭಟ್ಕಳಕ್ಕೂ ಮುಟ್ಟಿತು. ಅಲ್ಲಿಯ ಟ್ಯೂಷನ್ ಮಾಸ್ತರರೊಬ್ಬರು ಒಂದು ಪ್ರಶ್ನೆ ಬಾಯಿಪಾಠ ಮಾಡಿಸಿ ಹುಡುಗರ ದಂಡನ್ನೇ ಕಳಿಸಿದರು. ಬಂದವರೆಲ್ಲರದೂ ಅದೇ: "ಸರ್, ಈ ಕಾಲೇಜಿನ ಗುರಿ ಏನು?" ಉತ್ತರ ಹೇಳಿ ಹೇಳಿ ಸುಸ್ತಾದ ಪ್ರಿನ್ಸಿಪಾಲರು ಕೊನೆಯವನಿಗೆ, "ನೀನೇ ಹೇಳಪ್ಪ, ನಮ್ಮ ಗುರಿ ಏನು?" ಅಂದರು.

ಹುಡುಗ ತನ್ನ ಸರದಿ ಬರುವವರೆಗೆ ಹೊರಗೆ ಬಾಗಿಲ ಬಳಿ ಕೂತು ಅಷ್ಟನ್ನೂ ಕೇಳಿಸಿಕೊಂಡಿದ್ದ. ಎದ್ದು ನಿಂತು, ಪ್ರಿನ್ಸಿಪಾಲರ ಉತ್ತರವನ್ನು ಅವರ ಕೆಮ್ಮಿನ ಸಮೇತ ಒಪ್ಪಿಸಿದ.

ಅಜ್ಜಿಯ ಗಿರಾಕಿ

ಕೊನೆಯ ದಿನ. ಇನ್ನೊಂದೇ ಒಂದು ಹೆಸರು ಸೇರಿದರೆ ತರಗತಿ ತುಂಬಿತು, ನಾನು ಉಳಿದೆ. ಸಂಜೆಯಾದರೂ ಯಾರೂ ಇಲ್ಲ. ಆಗ ಮೀನು ಮಾರುವ ಅಜ್ಜಿಯೊಬ್ಬಳು ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು, ಮೊಮ್ಮಗಳ ಕೈಹಿಡಿದು ಒಳಗೆ ಬಂದಳು. ಹುಡುಗಿ ಚುರುಕು, ಮಾರ್ಕೂ ಚೆನ್ನಾಗಿತ್ತು. "ಈಗ ನೀನು ಕೇಳು" ಅಂದಾಗ ಮಾತ್ರ ತಲೆ ತಗ್ಗಿಸಿದಳು. ದೇವರೇ, ಮುಗಿಯಿತು ನನ್ನ ಕತೆ ಅಂದುಕೊಂಡೆ!

ಅಜ್ಜಿ ಅವಳನ್ನು ತಿವಿದಳು. "ಕೇಳೇ! ದಕ್ಕೆಲಿ ಮೀನು ತಗೊಳ್ಳೂವಾಗ ದೋಣಿಯವ್ರ ಹತ್ರ ದಿನಾ ಕೇಳೂದಿಲ್ವಾ? ಹಾಂಗೇ ಕೇಳು."

ಹುಡುಗಿಗೆ ಧೈರ್ಯ ಬಂತು. "ಸರ್, ಇಲ್ಲಿ ಕಲಿಸೂದು ತಾಜಾನಾ, ಉಪ್ಪು ಹಾಕಿ ಇಟ್ಟದ್ದಾ?"

ಪ್ರಿನ್ಸಿಪಾಲರು ಮೇಜು ಗುದ್ದಿದರು. "ಭೇಷ್! ಇಂಥ ಪ್ರಶ್ನೆಗೇ ಕಾಯ್ತಾ ಇದ್ದೆ. ಬರ್ಕೊಳ್ಳಿ ಹೆಸರು!"

ಖುಷಿಯಿಂದ ಪೆನ್ನು ಎತ್ತಿಕೊಂಡೆ. ಆದರೆ ಅಜ್ಜಿ ಬಿಡಬೇಕಲ್ಲ. "ಉತ್ತರ ಹೇಳದೇ ಹೆಸ್ರು ಎಂತಕ್ಕೆ ಬರೆಯೂದು?"

ಪ್ರಿನ್ಸಿಪಾಲರು ನನ್ನತ್ತ ಬೆರಳು ಮಾಡಿದರು. "ಕಲಿಸುವವರು ಇವರು, ಇವರನ್ನೇ ಕೇಳಮ್ಮ."

"ತಾಜಾ ಅಜ್ಜಿ, ದಿನಾ ತಾಜಾ!" ಅಂದೆ.

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೊಮ್ಮಗಳ ಕಡೆ ತಿರುಗಿದಳು. "ಸೇರ್ಕೋ ಮಗಾ, ಅಡ್ಡಿಲ್ಲ. ಗಿರಾಕಿಗೆ ನಾನೂ ದಿನಾ ಹಾಂಗೇ ಹೇಳೂದು."