ನಿಲ್ಲಿಸುವ ಗುಂಡಿಯಿಲ್ಲದ ಅಲಾರಂ

ನಮ್ಮ ಚಿಕ್ಕಪ್ಪನಿಗೆ ಈ ಭೂಮಿಯ ಮೇಲೆ ಒಬ್ಬನೇ ಶತ್ರು: ಅಲಾರಂ ಗಡಿಯಾರಕ್ಕೆ ನಿಲ್ಲಿಸುವ ಗುಂಡಿ ಇಟ್ಟ ಪುಣ್ಯಾತ್ಮ! ನನಗೂ ಒಬ್ಬರೇ. ಚಿಕ್ಕಪ್ಪ.

ದೊಡ್ಡಬಳ್ಳಾಪುರದಲ್ಲಿ ಮೂವತ್ತು ವರ್ಷ ಪವರ್‌ಲೂಮ್ ಓಡಿಸಿದವರು. ಅವರ ಬೀದಿಯಲ್ಲಿ ಮಗ್ಗದ ಸದ್ದಿಗೆ ಎಲ್ಲರೂ ಕಿರುಚಿಯೇ ಮಾತಾಡುವುದು. ಸೋಂಪುರದ ಫ್ಯಾಕ್ಟರಿಗೆ ಸೇರಿದ ಮೇಲೆ ನಾನೂ ಅವರ ಮನೆಯಲ್ಲೇ ಇದ್ದೇನೆ. ಕಂಪನಿ ಬಸ್ಸು ಬೆಳಗ್ಗೆ ಐದಕ್ಕೆ. ಖಾಯಂ ಆಗುವ ಮೊದಲು ಎರಡು ಸಲ ತಪ್ಪಿಸಿಕೊಂಡರೆ ಕೆಲಸ ಹೋಯಿತು. ನನ್ನನ್ನು ಎಬ್ಬಿಸಿ ಅಂತ ಇವರನ್ನು ಯಾರು ಕೇಳಿದ್ದರು?

ಮೊದಲು ಬಂತು ಕೀ ಕೊಡುವ ಗಡಿಯಾರ. ತಲೆಯ ಮೇಲೆ ಎರಡು ಗಂಟೆ, ನಡುವೆ ಪುಟ್ಟ ಸುತ್ತಿಗೆ. ನಿಲ್ಲಿಸುವ ಗುಂಡಿಯನ್ನು ಇಕ್ಕಳದಲ್ಲಿ ಕಿತ್ತೇಬಿಟ್ಟರು.

"ಒತ್ತಿದ್ರೆ ಸುಮ್ನಾಗೋದು ಲಂಚ ತಿನ್ನೋ ವಾಚ್‌ಮನ್ ಕಣವ್ವಾ!"

ಸ್ಟೀಲ್ ಬಕೆಟ್ಟನ್ನು ಪಡಸಾಲೆಯಲ್ಲಿ ಬೋರಲು ಹಾಕಿ ಅದರ ಮೇಲೆ ಗಡಿಯಾರ ಕೂರಿಸಿದರು. ನಾನು ಮುಟ್ಟದಿರಲಿ ಅಂತಲೋ ಏನೋ, ಬಕೆಟ್ಟಿನ ಮೇಲೆ ಕೈ ಇಟ್ಟುಕೊಂಡೇ ಮಲಗಿದರು. ನಾಲ್ಕೂವರೆಗೆ ಹೊಡೆದುಕೊಂಡಿತು ನೋಡಿ! ಎದುರುಮನೆಯಾಕೆ ಬಾಗಿಲಿಗೇ ಬಂದು ಕಿರುಚಿದರು: "ಏನಣ್ಣಾ, ಮನುಷ್ಯರು ಮಲಗೋದು ಬೇಡ್ವಾ?"

"ನಿಮ್ಗೂ ಪುಕ್ಸಟ್ಟೆ ಎಬ್ಬಿಸ್ದೆ, ಇರ್ಲಿ ಬಿಡಮ್ಮಾ!"

ಮೊಬೈಲಿನಲ್ಲೇ ಅಲಾರಂ ಇದೆ ಅಂತ ಹಾಕಿ ತೋರಿಸಿದೆ. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. ಅದು ಹಾಡುತ್ತಲೇ ಇತ್ತು. "ಇದ್ರಲ್ಲಿ ಜೀವಾನೇ ಇಲ್ವಲ್ಲ!" ಎಂದು ವಾಪಸು ಕೊಟ್ಟರು.

ಆಮೇಲೆ ಕರೆಂಟಿನ ಗಡಿಯಾರ. ಅದಕ್ಕೆ ಹಳೇ ಮಗ್ಗದ ಮೋಟಾರು ಬೇರೆ! ಅಲಾರಂ ಆದರೆ ನನ್ನ ಮಂಚವೇ ಅಲುಗಬೇಕಂತೆ. ರಾತ್ರಿ ಕರೆಂಟು ಹೋಗಿ ಬಂತು. ಬೆಳಗ್ಗೆ ನೋಡಿದರೆ ಗಡಿಯಾರ ಹನ್ನೆರಡು ಗಂಟೆ ತೋರಿಸುತ್ತಾ ಕಣ್ಣು ಮಿಟುಕಿಸುತ್ತಿದೆ. ಬಸ್ಸು ಹೋಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ನನ್ ಕೆಲ್ಸ ಹೋದ್ರೆ ನಿಮ್ದೇನು ಗಂಟು ಹೋಗತ್ತೆ? ಇನ್ಮೇಲೆ ನನ್ನ ಎಬ್ಬಿಸ್ಬೇಡಿ!"

ಚಿಕ್ಕಪ್ಪ ಮೋಟಾರನ್ನು ಬಿಚ್ಚಿ ಮೂಲೆಗಿಟ್ಟರು. ರಾತ್ರಿ ಹಳೇ ಗಡಿಯಾರವನ್ನೇ ಬಕೆಟ್ಟಿನ ಮೇಲೆ ತಂದಿಟ್ಟರು. ಎಷ್ಟು ಹಟ! ಅವರು ಕೈ ತೊಳೆಯಲು ಹೋದಾಗ ಗಂಟೆಗೂ ಸುತ್ತಿಗೆಗೂ ನಡುವೆ ಬಟ್ಟೆ ತುರುಕಿದೆ. ಮೊಬೈಲಿನಲ್ಲಿ ಅಲಾರಂ ಇಟ್ಟು ಮಲಗಿದೆ.

ಬೆಳಗ್ಗೆ ಯಾರೋ ಕಾಲು ಅಲುಗಾಡಿಸಿದರು. ಮೊಬೈಲು ಚಾರ್ಜಿಲ್ಲದೆ ಸತ್ತು ಬಿದ್ದಿತ್ತು.

"ಏಳವ್ವಾ! ಈ ಗಲಾಟೆಗೆ ಬೀದಿಯೆಲ್ಲ ಎದ್ದೈತೆ, ನಿಂಗೆ ಕೇಳಿಸ್ತಿಲ್ವಾ?"

ಮನೆಯಲ್ಲಿ ಒಂದು ಸದ್ದೂ ಇರಲಿಲ್ಲ.

ಪಡಸಾಲೆಗೆ ಬಂದು ನೋಡಿದೆ. ಬಟ್ಟೆಯೊಳಗೆ ಸುತ್ತಿಗೆ ಒದ್ದಾಡುತ್ತಿತ್ತು, ಬಕೆಟ್ಟು ನಡುಗುತ್ತಿತ್ತು. ಮೂವತ್ತು ವರ್ಷದ ಮಗ್ಗ ಅವರ ಕಿವಿಗೆ ಗಂಟೆಯ ಸದ್ದನ್ನೇ ಉಳಿಸಿರಲಿಲ್ಲ. ಆ ನಡುಕಕ್ಕೆ ಅವರ ಅಂಗೈ ಎಚ್ಚರವಾಗುವ ಮೊದಲೇ ಯಾರೂ ಅದನ್ನು ನಿಲ್ಲಿಸಬಾರದಿತ್ತು, ಅದಕ್ಕೇ ಗುಂಡಿ ಕಿತ್ತಿದ್ದರು. ನನ್ನ ಮೇಲೆ ನನಗೇ ಅಸಾಧ್ಯ ಸಿಟ್ಟು ಬಂತು.

"ಕೇಳಿಸ್ತು ಚಿಕ್ಕಪ್ಪಾ, ಕಿವಿ ಕಿತ್ತೋಗೋ ಹಂಗೆ ಕೇಳಿಸ್ತು!" ಎಂದು ಕಿರುಚಿದೆ.

"ಮತ್ತೆ!" ಎಂದು ನಕ್ಕರು.

ಅವರಿಗೆ ಕಾಣದಂತೆ ಬಟ್ಟೆ ಎಳೆದೆ. ಎದುರುಮನೆಯ ಬಾಗಿಲು ತೆರೆಯಿತು, ಬೈಗುಳ ಶುರುವಾಯಿತು.

ಬೈಯಲಿ!