ಸೀರೆ ಟ್ರಂಕು ಮತ್ತು ಎಂಟನೇ ಉದಾಹರಣೆ

ಜೇವರ್ಗಿಯ ಗಣಿತದ ಮಾಸ್ತರ ವಿಶ್ವಾರಾಧ್ಯರಿಗೆ ಐವತ್ತೆರಡನೇ ವಯಸ್ಸಿನಲ್ಲಿ ಜ್ಞಾನೋದಯವಾಯಿತು. ಅದೂ ಕಟಿಂಗ್ ಅಂಗಡಿಯಲ್ಲಿ, ಸರದಿಗೆ ಕೂತಾಗ, ಮೊಬೈಲಿನಲ್ಲಿ. ಕಂಪ್ಯೂಟರಿನ ವಿಂಡೋ, ಬಟನ್ನುಗಳನ್ನು ಯಾರು ಬೇಕಾದರೂ ತಯಾರಿಸಬಹುದಂತೆ! ಒಂದು ವೆಬ್‌ಸೈಟಿನಲ್ಲಿ ಹತ್ತು ಹನ್ನೆರಡು ಸಾಲಿನ ಕೋಡಿನ ಉದಾಹರಣೆಗಳಿದ್ದವು. ನಕಲು ಮಾಡಿ ರನ್ ಒತ್ತಿದರೆ ಆಯಿತು. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಮಾಡಿದ ಮೊದಲನೆಯ ಉದಾಹರಣೆಗೆ ಖಾಲಿ ವಿಂಡೋ ತೆರೆದುಕೊಂಡ ಕೂಡಲೇ ಹೆಂಡತಿ ಜಯಮಾಲಾರನ್ನು ಕೂಗಿ ಕರೆದರು.

"ಇದರಾಗ ಏನೂ ಇಲ್ಲಲ್ರಿ?"

"ಮುಂದ ಬರ್ತದ. ಈಗ ಬರೇ ಕಿಟಕಿ."

"ನಿಮ್ಮ ಖಾಲಿ ಕಿಟಕಿ ನೋಡಾಕ ಬಂದು ಅಲ್ಲಿ ನನ್ನ ರೊಟ್ಟಿ ಕರಕಾತು."

ಈ ಅಪಮಾನವನ್ನು ತೊಳೆದುಕೊಳ್ಳಲು ಮನೆಯ ಮೇಲೆ ಹೊಸದಾಗಿ ಕಟ್ಟಿಸಿದ ಮಾಳಿಗೆಯ ಗೃಹಪ್ರವೇಶ ಒದಗಿ ಬಂತು. ಚೌಡಾಪುರದಿಂದ ಅಕ್ಕ ಹೀರಾಬಾಯಿ ಬರುವವರಿದ್ದರು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು. ಅವರ ಬಾಯಿಂದ ಒಮ್ಮೆ "ಶಾಣ್ಯಾ ಆಗೀಯಪ್ಪ" ಎಂದು ಜಾಣನೆನ್ನಿಸಿಕೊಳ್ಳಬೇಕೆಂಬ ಆಸೆ ಮಾಸ್ತರರಿಗೆ ಇನ್ನೂ ತೀರಿರಲಿಲ್ಲ.

ಬಂದ ಹೆಣ್ಣುಮಕ್ಕಳಿಗೆ ಸೀರೆಯ ಆಹೇರಿ, ಅಂದರೆ ಉಡುಗೊರೆ, ಆಗಬೇಕು. ಹಿಂದೆ ಆಹೇರಿಯಲ್ಲಿ ಬಂದ ಸೀರೆಯನ್ನು ಮಡಿಕೆ ಬಿಚ್ಚದೆ ಇನ್ನೊಬ್ಬರಿಗೆ ದಾಟಿಸುವುದು ನಮ್ಮ ಕಡೆ ಪಾಪವಲ್ಲ (ಹಾಗಂತ ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ). ಯಾವ ಸೀರೆ ಯಾರಿಂದ ಬಂತು, ಯಾರಿಗೆ ಹೋಗಬೇಕು ಎಂಬ ಸಮಸ್ತ ಪುರಾಣ ಜಯಮಾಲಾರ ತಲೆಯಲ್ಲಿತ್ತು. ಅದನ್ನೆಲ್ಲ ಕಂಪ್ಯೂಟರಿಗೆ ಇಳಿಸುವೆನೆಂದರು ಮಾಸ್ತರರು.

"ಇದು ಮನಸಿನಾಗ ಇಟ್ಕೊಳ್ಳೋ ಮಾತರಿ. ಮಷೀನಿನಾಗ ಹಾಕಬ್ಯಾಡ್ರಿ."

"ನೀ ಟ್ರಂಕು ತೆಗಿ, ಹೇಳಕೋತ ಹೋಗು."

ಅವರು ಹೇಳಿದರು, ಇವರು ಬರೆದರು. ಒಂದು ಕಂದು ಸೀರೆ ಬಂತು. "ಅಕ್ಕಾರು ಕೊಟ್ಟದ್ದು, ನಮ್ಮ ವೈನಿಗೆ ಇರಲಿ" ಎಂದರು ಜಯಮಾಲಾ. ಮಾಸ್ತರರಿಗೆ ಹುರುಪು ಹೆಚ್ಚಿ ಅದರ ಮುಂದೆ ತಮ್ಮದೊಂದು ಚೇಷ್ಟೆಯ ಸಾಲು ಸೇರಿಸಿ ಓದಿ ತೋರಿಸಿದರು. ಜಯಮಾಲಾ ಸೆರಗು ಬಾಯಿಗೆ ಒತ್ತಿಕೊಂಡು, "ಬರೀರಿ, ಬರೀರಿ" ಎಂದರು.

ಗೃಹಪ್ರವೇಶದ ದಿನ ಮಾಸ್ತರರು ಲ್ಯಾಪ್‌ಟಾಪನ್ನು ಪಡಸಾಲೆಯ ದೊಡ್ಡ ಟಿವಿಗೆ ಜೋಡಿಸಿದರು. ಪರದೆ ತುಂಬಿ, ಎಲ್ಲದರ ಮೇಲೆ ನಿಲ್ಲುವ ವಿಂಡೋ ಎಂಟನೇ ಉದಾಹರಣೆ. ಭರ್ಜರಿ ಕಾಣುತ್ತದೆಂದು ಅದನ್ನೇ ಅಂಟಿಸಿದ್ದರು. ಅದನ್ನು ಮುಚ್ಚುವುದು ಒಂಬತ್ತನೇ ಉದಾಹರಣೆ. ಅದನ್ನು ಸೋಮವಾರ ಓದಿದರಾಯಿತು ಎಂದುಕೊಂಡಿದ್ದರು.

"ಅಕ್ಕಾ, ಇಲ್ಲಿ ನೋಡು," ಎಂದು, ಎದುರಿಗೆ ಕೂತಿದ್ದ ಆಳಂದದ ವಿಜಯಶ್ರೀಯ ಹೆಸರು ಬರೆದು ಬಟನ್ ಒತ್ತಿದರು. ವಿಜಯಶ್ರೀ ಜಯಮಾಲಾರ ಅಣ್ಣನ ಹೆಂಡತಿ, ಅಂದರೆ ಆ ವೈನಿ. ಆ ಕೋಡು ಬಲು ಪ್ರಾಮಾಣಿಕ. ಹೆಸರಿನ ಮುಂದೆ ಇದ್ದದ್ದನ್ನೆಲ್ಲ ಗೇಣುದ್ದದ ಅಕ್ಷರಗಳಲ್ಲಿ ತೋರಿಸಿತು:

"ವಿಜಯಶ್ರೀ. ಕಂದು ಸೀರೆ. ಹೀರಾಬಾಯಿ ಕೊಟ್ಟದ್ದು, ಇವಳಿಗೆ ದಾಟಿಸುವುದು. ಇದನ್ನು ಆರಿಸಿದವರ ಕಣ್ಣಿಗೆ ಪೊರೆ ಬಂದಿರಬೇಕು."

ಮಾಸ್ತರರು ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದರು. ವಿಂಡೋ ಕದಲಲಿಲ್ಲ. ಟಿವಿಯ ಸ್ವಿಚ್ಚಿಗೆ ಕೈ ಹಾಕಿದಾಗ ಹೀರಾಬಾಯಿ, "ಮುಟ್ಟಬ್ಯಾಡ" ಎಂದರು. ಮಾಸ್ತರರಿಗೆ ಅಕ್ಕನ ಮುಖ ನೋಡಲಾಗಲಿಲ್ಲ.

"ಇದು ನಾ ಆರಿಸಿದ್ದಲ್ಲೋ ತಮ್ಮಾ. ನನ್ನ ಮಗಳ ಲಗ್ನದಾಗ ನಿನ್ನ ಹೆಂಡತಿನೇ ನನಗ ಆಹೇರಿ ಮಾಡಿದ್ದಳು. ಮರೆತು ಆಕಿಗೇ ತಿರುಗಿ ಕೊಟ್ಟೆ. ಜಯಮಾಲಾ, ನೀ ಆರಿಸಿದ್ದೇನು?"

ಜಯಮಾಲಾ ನೆಲ ನೋಡುತ್ತ ಹೇಳಿದರು. "ಇಲ್ರಿ ಅಕ್ಕಾರ. ಮದುವಿ ಆದ ಮೊದಲ ದೀಪಾವಳಿಗೆ ಇವರೇ ಸೊಲ್ಲಾಪುರದಾಗ ಆರಿಸಿ ತಂದಿದ್ರು. ಬ್ಯಾಡ ಅನ್ನಾಕ ಮನಸಾಗಲಿಲ್ಲ. ಉಡಾಕೂ ಆಗಲಿಲ್ಲ."

ಮೊದಲು ನಕ್ಕವರು ವಿಜಯಶ್ರೀ. ಹೀರಾಬಾಯಿ ಎದ್ದು, ಟ್ರಂಕಿನಿಂದ ಆ ಸೀರೆ ತೆಗೆದು, ಇಪ್ಪತ್ತಾರು ವರ್ಷದ ಮಡಿಕೆ ಬಿಚ್ಚಿ ತಮ್ಮನ ಹೆಗಲಿಗೆ ಹೊದಿಸಿದರು. ಹಣೆಗೆ ಕುಂಕುಮವನ್ನೂ ಹಚ್ಚಿದರು. "ಯಾರದೋ ಅವರಿಗೆ ಮುಟ್ಟಿತು. ಶಾಣ್ಯಾ ಆಗೀಯಪ್ಪ," ಎಂದರು.

ಆಹೇರಿ ಮುಗಿಯುವವರೆಗೂ ಮಾಸ್ತರರು ಟಿವಿಯ ಕೆಳಗೆ, ಆ ಸಾಲಿನ ಅಡಿಯಲ್ಲೇ, ಕಂದು ಸೀರೆ ಹೊದ್ದುಕೊಂಡು ತಲೆತಗ್ಗಿಸಿ ಕೂತಿದ್ದರು. ಮೊಬೈಲಿನಲ್ಲಿ ಒಂಬತ್ತನೇ ಉದಾಹರಣೆ ಓದುತ್ತಿದ್ದರು.