ಗಲಗಲಿ ಸೂರ್ಯ ಮತ್ತು ತ್ರಿಶಲಾನ ಬುತ್ತಿ

ಜಮಖಂಡಿ ಬಜಾರದಾಗ ಆದಿನಾಥನ ಅರಿವಿ ಅಂಗಡಿ ಅಂದ್ರ ಎಲ್ಲಾರಿಗೂ ಗೊತ್ತು. ಮೂವತ್ತು ವರ್ಷ ಬನಹಟ್ಟಿ ಸೀರಿ ಬಿಚ್ಚಿ ತೋರಿಸಿ, ಮತ್ತ ಮಡಚಿ ಇಟ್ಟಾಂವ. ಸಂಕ್ರಮಣದ ಮರುದಿನ ಏನ ತಿಳೀತೋ ಏನೋ, ಅಂಗಡಿ ಕೀಲಿ ತಮ್ಮ ಮಲ್ಲಿನಾಥನ ಕೈಯಾಗ ಇಟ್ಟು ಕಟ್ಟಿ ಮ್ಯಾಲ ನಿಂತು ಸಾರಿಬಿಟ್ಟ: "ಇವತ್ತಿನಿಂದ ನಾ ಪ್ರವಾಸ ಲೇಖಕ! ಊರೂರು ತಿರಗತೀನಿ, ಬರೀತೀನಿ. ಇನ್ನ ಪೇಪರಿನವ್ರು ನನ್ನ ಮನಿ ಬಾಗಲಾ ಕಾಯಬೇಕು!"

ಅಲ್ಲಿತನಕ ಅಂವ ತಿರುಗಿದ ದೇಶ ಎರಡ ಎರಡು: ಸೊಲ್ಲಾಪುರ, ಇಚಲಕರಂಜಿ. ಅದೂ ಮಾಲು ತರಾಕ. ಆದ್ರೇನಾತು, ತಯಾರಿ ಮಾತ್ರ ದಿಗ್ವಿಜಯಕ್ಕ ಹೊಂಟ ರಾಜಂದು! ಹನ್ನೆರಡು ಕಿಸೆದ ಜಾಕೀಟು ಬಂತು. ಟೋಪಿ ಬಂತು. ಎಂಥಾ ಟೋಪಿ ಅಂತೀರಿ, ಅದರ ನೆರಳಾಗ ಇಬ್ಬರು ಕುಂತು ಚಾ ಕುಡೀಬಹುದು!

ಹೆಂಡತಿ ತ್ರಿಶಲಾ ಟೋಪಿನ್ನ ಮ್ಯಾಲಿಂದ ಕೆಳಗ ನೋಡಿದ್ಳು. "ಇದನ್ನ ಹಾಕ್ಕೊಂಡು ಬಸದಿ ಮುಂದ ಹಾಯಬ್ಯಾಡ್ರಿ. ಮಂದಿ ಗಾಬರಿ ಆಗ್ತಾರ."

"ಲೇಖಕರ ಕಳೆ ನಿನಗೇನ ತಿಳೀತೈತಿ!" ಅಂದ ಆದಿನಾಥ.

ಹುಬ್ಬಳ್ಳಿ ಕಡಿ ಒಂದು ಪೇಪರಿನ ರವಿವಾರದ ಪುರವಣಿ ನೋಡ್ಕೊಳ್ಳಾವ್ರು ರಾಜಶ್ರೀ ಮೇಡಂ. ಅವರಿಗೆ ಹದಿನೇಳು ಸಲ ಫೋನ್ ಹಚ್ಚಿದ. ಹದಿನೆಂಟನೇ ಸಲಕ್ಕ ಅವರು ಸೋತರು.

"ಆತ್ರಿ ಸರ. ಗಲಗಲಿ ಹೊಳಿ ದಂಡಿ ಮ್ಯಾಲ ಒಂದು ಲೇಖನ ಬರೀರಿ. ಜೊತಿಗೆ ಸೂರ್ಯ ಮುಳುಗೂ ಫೋಟೋ ಬೇಕು, ನೀವ ತಗದದ್ದು. ಶುಕ್ರವಾರ ಮುಂಜಾನಿಕ್ಕ ನನ್ನ ಕೈ ಸೇರಬೇಕು. ಛಲೋ ಬಂದ್ರ ತಿಂಗಳಿಗೊಂದು ಊರು ನಿಮಗ. ಇಲ್ಲಂದ್ರ ದಯಮಾಡಿ ಫೋನ್ ಹಚ್ಚಬ್ಯಾಡ್ರಿ."

ತಿಂಗಳಿಗೊಂದು ಊರು! ಆದಿನಾಥಗ ನಿದ್ದಿ ಬರಲಿಲ್ಲ. ಬಂದ್ರ ಊರೂರು, ಹೋದ್ರ ಮತ್ತ ಅದ ಸೀರಿ ಮಡಚೂದು, ಮ್ಯಾಲ ಮಲ್ಲಿನಾಥನ ನಗಿ ಬ್ಯಾರೆ.

ಮಂಗಳವಾರ ಸ್ಕೂಟರ್ ತಗದ. ಹಿಂದ ತ್ರಿಶಲಾ ಬುತ್ತಿ ಗಂಟು ಹಿಡಕೊಂಡು ಏರಿ ಕುಂತಳು.

"ನೀ ಎಲ್ಲಿಗೆ?"

"ನೀವು ಸೂರ್ಯನ್ನ ನೋಡ್ಕೋತ ನಿಂತ್ರ ಊಟ ಮರೀತೀರಿ. ಹೊತ್ತು ಮುಳುಗಿದ ಮ್ಯಾಲ ಏನು, ಗಾಳಿ ತಿಂತೀರಿ?"

ಅದೂ ಖರೆನ. ಜೈನರ ಮನಿ, ಅಜ್ಜನ ಕಾಲದಿಂದ ನೇಮ: ಹೊತ್ತು ಮುಳುಗಿದ ಮ್ಯಾಲ ತುತ್ತು ಎತ್ತಂಗಿಲ್ಲ. ಆದ್ರ ಸೂರ್ಯ ಮುಳುಗೂದೂ ಊಟ ಮುಗಿಸೂದೂ ಎರಡೂ ಒಂದ ಹೊತ್ತಿಗೆ ಬರ್ತಾವು ಅಂತ ಈ ಮಹಾಪ್ರವಾಸಿಗೆ ಹೊಳೀಲೇ ಇಲ್ಲ ನೋಡ್ರಿ!

ಹಾದಿ ತುಂಬ ಕಬ್ಬಿನ ಟ್ರ್ಯಾಕ್ಟರ್. ಗಲಗಲಿ ಮುಟ್ಟೂದ್ರಾಗ ಸೂರ್ಯ ಹೊಳಿ ಮ್ಯಾಲ ನಾಕು ಬೆರಳು ಉಳದಿದ್ದ. ತ್ರಿಶಲಾ ಗಡಬಡಿಸಿ ಬುತ್ತಿ ಬಿಚ್ಚಿದ್ಳು. ಸಜ್ಜಿ ರೊಟ್ಟಿ, ಬೆಳ್ಳೊಳ್ಳಿ ಇಲ್ಲದ ಶೇಂಗಾ ಹಿಂಡಿ, ಮೊಸರು. ಎರಡನೇ ರೊಟ್ಟಿ ಮುರಿಯೂದ್ರಾಗ ಆಕಾಶ ಕೆಂಪಾತು. "ಅಯ್ಯಯ್ಯ!" ಅಂತ ಆದಿನಾಥ ಹಂಗ ಫೋನ್ ಎತ್ತಿ ಹೊಡದ. ಮನಿಗೆ ಬಂದು ನೋಡ್ತಾನ, ಫೋಟೋ ತುಂಬ ಕೆಂಪ ಕೆಂಪು! ಸೂರ್ಯ ಅಲ್ಲ, ಕ್ಯಾಮೆರಾಕ್ಕ ಬಡದಿದ್ದ ಹಿಂಡಿ.

ಬುಧವಾರ ಹೊಸಾ ಯುದ್ಧತಂತ್ರ. "ಇವತ್ತ ನಾಕೂವರಿಗೆ ಉಂಡಬಿಡೂಣು. ಆಮ್ಯಾಲ ಸೂರ್ಯ ನನ್ನವ!" ಉಂಡ. ಉಂಡದ್ದು ಐದು ರೊಟ್ಟಿ. ಹೊಳಿ ಗಾಳಿ ತಣ್ಣಗ ಬೀಸಾಕತ್ತಿತ್ತು, ಬೇವಿನ ಗಿಡದ ನೆರಳಿತ್ತು. ಟೋಪಿ ಮಾರಿ ಮ್ಯಾಲ ಇಟ್ಕೊಂಡು "ಒಂದೈದು ನಿಮಿಷ" ಅಂತ ಅಡ್ಡಾದ. ಎದ್ದಾಗ ಕತ್ತಲಿ!

"ಎಬ್ಬಸಬಾರದೇನ?" ಅಂತ ಚೀರಿದ.

"ಅನುಭವ ತಗೊಳ್ಳಾಕತ್ತೀರಿ ಅಂತ ಸುಮ್ಮನಾದೆ," ಅಂದ್ಳು ತ್ರಿಶಲಾ. "ಗೊರಕಿ ಭಾಳ ಆಳ ಇತ್ತು."

ಅಲ್ಲೇ ಪಂಪಸೆಟ್ ಕಾಯಾಕತ್ತಿದ್ದ ರೈತ ಅಂದಾನೆಪ್ಪ ಎರಡ ದಿನದಿಂದ ಈ ನಾಟಕ ನೋಡಾಕತ್ತಿದ್ದ. "ಸಾವಕಾರ್ರ, ಕಳಕೊಂಡದ್ದೇನರ ಐತೇನ್ರಿ ಇಲ್ಲಿ?"

"ಸೂರ್ಯ!" ಅಂದ ಆದಿನಾಥ.

ಗುರುವಾರ, ಕಡೀ ದಿನ. ಮುಂಜಾನಿ ಎದ್ದಾಂವನ ಗುಡುಗಿದ: "ಇವತ್ತ ನನಗ ಉಪಾಸ! ತುತ್ತಿಲ್ಲ, ನಿದ್ದಿಲ್ಲ. ಫೋಟೋ ಅಷ್ಟ!"

ಸಂಜೀಕ ಹೊಳಿ ದಂಡಿ ಮ್ಯಾಲ ಫೋನ್ ಹಿಡದು ಕಂಬದಂಗ ನಿಂತ. ಮೋಡ ಇಲ್ಲ, ಮಬ್ಬಿಲ್ಲ. ನೀರಾಗ ಬಂಗಾರದ ಹಾದಿ ಬಿದ್ದಿತ್ತು. ಇನ್ನೆರಡ ಬೆರಳು ಕೆಳಗ ಇಳದ್ರ ಆತು, ತಿಂಗಳಿಗೊಂದು ಊರು! ಹಂಗ ಒಂದ ಸಲ ಹಿಂದ ಹೊಳ್ಳಿ ನೋಡಿದ. ತ್ರಿಶಲಾ ಬುತ್ತಿ ಬಿಚ್ಚಿ ಮುಂದ ಇಟ್ಕೊಂಡು, ಕೈ ಮಡಲಾಗ ಇಟ್ಟು ಕುಂತಿದ್ಳು.

"ನೀ ಯಾಕ ಉಣವಲ್ಲಿ?"

"ನೀವು ಉಪಾಸ ನಿಂತಿರಿ. ನನಗ ಗಂಟಲದಾಗ ಇಳೀವಲ್ದು."

"ಸಕ್ಕರಿ ಬ್ಯಾನಿ ಗುಳಿಗಿ ತಗೊಂಡಿ ಹೌದಿಲ್ಲೋ?"

"ತಗೊಂಡೇನಿ. ಏನಾಗೂದಿಲ್ಲ. ನೀವು ನಿಮ್ಮ ಕೆಲಸಾ ಮಾಡ್ರಿ."

ಆದಿನಾಥಗ ಹೊಳೀತು: ಗುಳಿಗಿ ನುಂಗಿ ಉಣದ ಕುಂತ್ರ ತಲಿ ತಿರುಗಿ ಬೀಳತಾಳ. ಈಗ ಉಣಲಿಲ್ಲಂದ್ರ ನಾಳೆ ಹೊತ್ತು ಏರೂತನಕ ಆಕಿ ಹೊಟ್ಟಿಗೆ ಏನೂ ಇಲ್ಲ. ಮೂರು ದಿನ ನಸುಕಿನ್ಯಾಗ ಎದ್ದು ರೊಟ್ಟಿ ಬಡದಾಕಿ. ಸ್ಕೂಟರ್ ಹಿಂದ ಧೂಳ ತಿಂದಾಕಿ. ಒಂದು ಸಲ ಸೂರ್ಯನ್ನ ನೋಡಿದ, ಒಂದು ಸಲ ಆಕಿನ್ನ ನೋಡಿದ. ಉಪಾಸ ಅಂತ ಬಾಯಿಲೆ ಅಂದಿದ್ದ ಖರೆ, ಬಸದಿಗೆ ಹೋಗಿ ನೇಮ ತಗೊಂಡಿರಲಿಲ್ಲ. ಸುಡಗಾಡ ಫೋಟೋ!

"ಅಂದಾನೆಪ್ಪ, ಹಿಡಿ! ಸೂರ್ಯನ್ನ ಹೊಡಿ!" ಅಂತ ಫೋನ್ ಅವನ ಕೈಯಾಗ ತುರುಕಿ ಓಡಿಬಂದು ಬುತ್ತಿ ಮುಂದ ಕುಂತ. "ಉಣ್ಣು, ಲಗೂನ ಉಣ್ಣು!"

ಆಮ್ಯಾಲ ನಡದದ್ದು ಊಟ ಅಲ್ರಿ, ಸೂರ್ಯನ ಜೋಡಿ ಓಟದ ಪಂದ್ಯಾ! ಇಬ್ಬರ ಗಲ್ಲನೂ ಉಬ್ಬಿದ್ವು. ನೀರು ನೆತ್ತಿಗೇರಿತು. ತ್ರಿಶಲಾ ನಗಾಕ ಹೋಗಿ ಮತ್ತಷ್ಟು ಕೆಮ್ಮಿದ್ಳು. ಕಡೀ ತುತ್ತು ಒಳಗ ಹೋತು, ಸೂರ್ಯನೂ ಒಳಗ ಹೋದ.

ಆದಿನಾಥ ಫೋನ್ ಇಸಗೊಂಡು ನೋಡಿದ. ಸೂರ್ಯ ಎಲ್ಲಿ? ಗಲ್ಲ ಉಬ್ಬಿಸಿಕೊಂಡ ಗಂಡ ಹೆಂಡತಿ ಇದ್ರು, ರೊಟ್ಟಿ ಇತ್ತು, ಸೂರ್ಯ ಇರೂ ಜಾಗಾದಾಗ ಬರೊಬ್ಬರಿ ಆ ಟೋಪಿ!

"ಸೂರ್ಯನ್ನ ಹೊಡಿ ಅಂದಿದ್ನಲ್ಲೋ!"

"ಅಂವನ್ನ ದಿನಾ ನೋಡ್ತೇನ್ರಿ ಸಾವಕಾರ್ರ. ಹಿಂಗ ಉಣ್ಣಾವ್ರನ್ನ ನೋಡಿರಲಿಲ್ಲ."

ಮುಗೀತು ಕತಿ ಅನಕೊಂಡ ಆದಿನಾಥ. ಸುಳ್ಳ ಬರಿಯಾಕ ಮನಸ್ಸಾಗಲಿಲ್ಲ. ಮೂರೂ ದಿನದ ಫಜೀತಿ ಇದ್ದದ್ದಿದ್ದಂಗ ಬರದು, ಅದ ಫೋಟೋ ಹಚ್ಚಿ ಕಳಿಸಿ, ಶನಿವಾರ ಅಂಗಡ್ಯಾಗ ಸೀರಿ ಮಡಚಾಕ ಕುಂತ. ಮಲ್ಲಿನಾಥ ನೋಡಿ ನಕ್ಕ.

ರವಿವಾರ ಪೇಪರ್ ಬಿಚ್ಚಿದ್ರ ಅರ್ಧ ಪುಟ! ಲೇಖನನೂ ಬಂದಿತ್ತು, ಗಲ್ಲನೂ ಬಂದಿದ್ವು! ಅಷ್ಟರಾಗ ಫೋನ್.

"ಭಾಳ ಛಲೋ ಬಂದೈತ್ರಿ ಸರ," ಅಂದ್ರು ರಾಜಶ್ರೀ ಮೇಡಂ. "ಮುಳುಗೂ ಸೂರ್ಯ ನಮ್ಮ ಕಂಪ್ಯೂಟರನ್ಯಾಗ ನಾಕನೂರು ಅದಾವು. ಹಿಂಗ ಉಣ್ಣೂ ಫೋಟೋ ಒಂದೂ ಇರಲಿಲ್ಲ. ಮುಂದಿನ ತಿಂಗಳದ್ದೂ ನಿಮಗ!"

ಆದಿನಾಥ ಎದ್ದ ನಿಂತ. ಗೂಟದಾಗಿನ ಟೋಪಿ ತಗದು ತಲಿಗೆ ಇಟ್ಕೊಂಡ. "ಎಲ್ಲಿಗೆ ಅಂತ ಹೇಳ್ರಿ ಮೇಡಂ! ಬೆಂಕ್ಯಾಗ ಹಾರು ಅಂದ್ರೂ ಹಾರಿ ಬರೀತೀನಿ!"

"ಅಷ್ಟೇನ ತ್ರಾಸ ಇಲ್ರಿ. ಮುಧೋಳ ರೋಡಿನ ಢಾಬಾಗಳು. ಎಲ್ಲಾ ಢಾಬಾದಾಗೂ ಕುಂತು ಉಂಡು, ರುಚಿ ನೋಡಿ ಬರೀಬೇಕು. ಆದ್ರ ಒಂದ ಮಾತು, ಅವು ರಂಗೇರೂದು ರಾತ್ರಿ ಎಂಟರ ಮ್ಯಾಲ."

ಮಹಾಪ್ರವಾಸಿ ಟೋಪಿ ತಗದು ಮತ್ತ ಗೂಟಕ್ಕ ಹಾಕಿದ. ತ್ರಿಶಲಾ ಸಾವಕಾಶ ಬಂದು ಅವನ ಕೈಯಾಗಿನ ಫೋನ್ ಇಸಗೊಂಡಳು.

"ಬರೀತಾರ್ರಿ ಮೇಡಂ, ಚಿಂತಿ ಬಿಡ್ರಿ. ಮನ್ಯಾಗ ಉಂಡ ಬಂದು ಬರೀತಾರ."